ಬಿಡದ ಕೆಮ್ಮು, ಬದಲಾಗುತ್ತಲೇ ಇರುವ ಸಿರಪ್ಪು: ಹದಿಹರೆಯದವರ ಪೋಷಕರಿಗೆ ವೈದ್ಯರ ಉತ್ತರ

ಮಳೆಗಾಲ ಅರ್ಧ ಕಳೆಯುವಷ್ಟರಲ್ಲಿ ಕರಾವಳಿಯ ಓದುಗರ ಪತ್ರಗಳಲ್ಲಿ ಕೆಮ್ಮಿನ ವಿಷಯವೇ ಮುಂದಾಗಿರುತ್ತದೆ. ಈ ಸಂಚಿಕೆಗೆ ಹದಿಹರೆಯದ ಮಕ್ಕಳ ಬಿಡದ ಕೆಮ್ಮಿನ ಕುರಿತ ಮೂರು ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಮೊದಲನೆಯದರಲ್ಲಿ ಹಲವು ಮನೆಗಳ ಕಥೆ ಅಡಕವಾಗಿರುವುದರಿಂದ ಅದಕ್ಕೆ ದೀರ್ಘವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಹದಿನೈದು ವರ್ಷ, ಎಸ್ಸೆಸ್ಸೆಲ್ಸಿ ಓದುತ್ತಿದ್ದಾನೆ. ಜೂನ್ ಎರಡನೇ ವಾರದಲ್ಲಿ ಶೀತ, ಜ್ವರ ಬಂದು ನಾಲ್ಕೇ ದಿನಗಳಲ್ಲಿ ಗುಣವಾಯಿತು. ಆದರೆ ಆಗ ಹಿಡಿದ ಕೆಮ್ಮು ಏಳು ವಾರ ಕಳೆದರೂ ಬಿಟ್ಟಿಲ್ಲ. ಕಫವಿಲ್ಲ, ಒಣ ಕೆಮ್ಮು. ನಡುರಾತ್ರಿಯ ನಂತರ ಎದ್ದು ಕುಳಿತು ಕೆಮ್ಮುತ್ತಾನೆ. ಬಸ್ಸಿಳಿದು ಗುಡ್ಡೆ ಹತ್ತಿ ಮನೆಗೆ ಬಂದಾಗಲೂ ಹಾಗೆಯೇ. ಮೂರು ಬಗೆಯ ಸಿರಪ್, ಎರಡು ಸಲ ಆಂಟಿಬಯೋಟಿಕ್ ಆಗಿದೆ. ಅತ್ತೆಯವರು ಕಷಾಯ ಸಾಕು ಎನ್ನುತ್ತಾರೆ, ಯಜಮಾನರು ಪರೀಕ್ಷೆಯ ಹೆದರಿಕೆ ಎನ್ನುತ್ತಾರೆ. ಈಗ ತೋರಿಸಿದ ವೈದ್ಯರು ಇನ್‌ಹೇಲರ್ ಬರೆದುಕೊಟ್ಟಿದ್ದಾರೆ. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡಲಾಗದು ಎಂದು ನೆಂಟರೆಲ್ಲ ಹೆದರಿಸಿದ್ದರಿಂದ ಅದು ಬಿಚ್ಚದೆ ಕಪಾಟಿನಲ್ಲೇ ಇದೆ. ಮಗನ ದೊಡ್ಡಪ್ಪನಿಗೆ ದಮ್ಮು ಇದೆ. ಏನು ಮಾಡಲಿ?
– ಹೆಸರು ಬೇಡ, ಹಿರಿಯಡ್ಕ

ಉತ್ತರ: ನಿಮ್ಮ ಪತ್ರದಲ್ಲಿ ಔಷಧಗಳ ಪಟ್ಟಿಗಿಂತ ಹೆಚ್ಚು ಉಪಯುಕ್ತವಾದದ್ದು ಕೆಮ್ಮು ಬರುವ ಹೊತ್ತಿನ ವಿವರ. ವೈರಾಣುವಿನಿಂದ ಬಂದ ಶೀತಜ್ವರ ವಾಸಿಯಾದ ಮೇಲೂ ಶ್ವಾಸನಾಳದ ಒಳಪದರ ಕೆಲವು ವಾರ ಕೆರಳಿದ ಸ್ಥಿತಿಯಲ್ಲೇ ಇರುತ್ತದೆ. ಇದರಿಂದಾಗುವ ಕೆಮ್ಮು ಮೂರು ವಾರ ಮೀರುವುದು ಅಪರೂಪವೇನಲ್ಲ, ಎಂಟು ವಾರಗಳವರೆಗೂ ಎಳೆಯಬಹುದು. ಆದರೆ ಅಂತಹ ಕೆಮ್ಮು ವಾರದಿಂದ ವಾರಕ್ಕೆ ಇಳಿಯುತ್ತ ಹೋಗಬೇಕು. ನಿಮ್ಮ ಮಗನದು ಇಳಿದಿಲ್ಲ. ನಿದ್ದೆಯಿಂದ ಎಬ್ಬಿಸುತ್ತದೆ, ಗುಡ್ಡೆ ಹತ್ತಿದಾಗ ಹೆಚ್ಚುತ್ತದೆ, ಜೊತೆಗೆ ದೊಡ್ಡಪ್ಪನಿಗೆ ದಮ್ಮು ಇದೆ. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮೊದಲ ಅನುಮಾನ ಅಸ್ತಮಾದ ಮೇಲೆಯೇ ಹೋಗುತ್ತದೆ. ಎದೆಯಲ್ಲಿ ಸುಯ್ಯೆಂಬ ಸದ್ದು ಇಲ್ಲವಲ್ಲ ಎಂದು ನೀವು ಕೇಳಬಹುದು. ಅಸ್ತಮಾ ಕೆಲವರಲ್ಲಿ ಕೇವಲ ಒಣ ಕೆಮ್ಮಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಸದ್ದು ಕೇಳಿಸುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ.

ಆದರೂ ಅನುಮಾನವನ್ನೇ ನಿರ್ಧಾರವೆಂದು ಭಾವಿಸಬಾರದು. ಎದೆಯ ಎಕ್ಸ್‌ರೇ ತೆಗೆಸಿದ ಸುದ್ದಿ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ನಮ್ಮ ದೇಶದ ಕ್ಷಯ ನಿರ್ಮೂಲನ ಕಾರ್ಯಕ್ರಮದ ನಿಯಮದಂತೆ ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಮ್ಮಿರುವ ಯಾರಿಗಾದರೂ ಕ್ಷಯದ ಪರೀಕ್ಷೆ ಆಗಬೇಕು. ನಿಮ್ಮ ಮಗ ಆ ಗಡುವನ್ನು ಜೂನ್ ಕೊನೆಗೇ ದಾಟಿದ್ದಾನೆ. ಹೀಗೆಂದು ಕ್ಷಯವೇ ಇದೆ ಎಂದು ನಾನು ಹೇಳುತ್ತಿಲ್ಲ. ಇಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳದೆ ಮುಂದಕ್ಕೆ ಹೋಗುವಂತಿಲ್ಲ. ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ ಅಥವಾ ಮಂಗಳೂರಿನ ವೆನ್ಲಾಕ್‌ನಂತಹ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೂ ಕಫದ ಮಾದರಿಯನ್ನು ಕಳುಹಿಸಿಕೊಡುತ್ತಾರೆ. ಒಣ ಕೆಮ್ಮಾದ್ದರಿಂದ ಕಫ ಬಾರದಿದ್ದರೆ ಉಪ್ಪುನೀರಿನ ಆವಿಯನ್ನು ನೆಬ್ಯುಲೈಸರ್ ಮೂಲಕ ಕೊಟ್ಟು ಕಫ ಹೊರಡಿಸುವ ಕ್ರಮವಿದೆ. ಆಗಲೇ ಕೊಟ್ಟಿರುವ ಆಂಟಿಬಯೋಟಿಕ್‌ಗಳ ಚೀಟಿಯನ್ನೂ ಕೊಂಡೊಯ್ಯಿರಿ. ಲೀವೋಫ್ಲಾಕ್ಸಾಸಿನ್‌ನಂತಹ ಕೆಲವು ಔಷಧಗಳು ಕ್ಷಯದ ಲಕ್ಷಣಗಳನ್ನು ತಾತ್ಕಾಲಿಕವಾಗಿ ತಗ್ಗಿಸಿ ರೋಗ ಪತ್ತೆಯಾಗುವುದನ್ನು ತಡವಾಗಿಸಬಲ್ಲವು, ಆದ್ದರಿಂದ ಹಿಂದೆ ಏನು ಕೊಟ್ಟಿದ್ದರು ಎಂಬುದು ವೈದ್ಯರಿಗೆ ತಿಳಿದಿರಬೇಕು.

ಎಕ್ಸ್‌ರೇ ಸ್ವಚ್ಛವಾಗಿದ್ದರೆ ಮುಂದಿನದು ಸ್ಪೈರೋಮೆಟ್ರಿ, ಅಂದರೆ ಉಸಿರಾಟದ ಸಾಮರ್ಥ್ಯ ಅಳೆಯುವ ಪರೀಕ್ಷೆ. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆದುಕೊಂಡು, ಯಂತ್ರದ ಕೊಳವೆಗೆ ಬಲವಾಗಿ, ಕೊನೆಯವರೆಗೂ ಊದಿಸುತ್ತಾರೆ. ಆಮೇಲೆ ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟು, ಸುಮಾರು ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬೀಳುವ ಗಾಳಿಯ ಪ್ರಮಾಣ ಎರಡನೇ ಸಲ ಶೇಕಡಾ 12ಕ್ಕಿಂತ ಹೆಚ್ಚಾದರೆ ಅಸ್ತಮಾದ ಅನುಮಾನಕ್ಕೆ ಬಲ ಬರುತ್ತದೆ. ಇಲ್ಲೊಂದು ತೊಡಕಿದೆ. ರಾತ್ರಿ ಎರಡು ಗಂಟೆಗೆ ಕೆಮ್ಮುವ ಹುಡುಗನನ್ನು ಬೆಳಿಗ್ಗೆ ಹನ್ನೊಂದಕ್ಕೆ ಊದಿಸಿದರೆ ಫಲಿತಾಂಶ ಸಹಜವಾಗಿಯೇ ಬರಬಹುದು. ಅಷ್ಟರಿಂದ ಅಸ್ತಮಾ ಇಲ್ಲವೆಂದಾಗುವುದಿಲ್ಲ. ಅಂತಹ ಸಂದರ್ಭದಲ್ಲಿ ಊದಿದ ಗಾಳಿಯ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಚಿಕ್ಕ ಸಾಧನವನ್ನು ಮನೆಗೆ ತಂದು, ಎರಡು ವಾರ ಬೆಳಿಗ್ಗೆ ಸಂಜೆ ಊದಿಸಿ, ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹದಿನೈದರ ಹುಡುಗ ಅದನ್ನು ತಾನೇ ಬರೆದಿಡಬಲ್ಲ, ಬರೆದಿಡಲಿ.

ಇನ್ನು ಸಿರಪ್ಪಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಖಾರವಾಗಿಯೇ ಬರೆಯಬೇಕಾಗಿದೆ. ಒಂದು ಸಿರಪ್ ಕೆಲಸ ಮಾಡದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಮೂರನೆಯದು ಎಂದು ಬಾಟಲಿ ಬದಲಿಸುವುದನ್ನು ಚಿಕಿತ್ಸೆ ಎಂದು ಕರೆಯಲಾಗದು. ಕೆಮ್ಮು ಅಡಗಿಸುವ ಔಷಧ, ಕಫ ಕರಗಿಸುವ ಔಷಧ, ತೂಕಡಿಕೆ ತರಿಸುವ ಅಲರ್ಜಿಯ ಔಷಧ, ಇವೆಲ್ಲವನ್ನೂ ಒಂದೇ ಬಾಟಲಿಯಲ್ಲಿ ಬೆರೆಸಿ ಮಾರುತ್ತಾರೆ. ಕಾರಣವನ್ನು ಹುಡುಕದೆ ಕೊಟ್ಟಾಗ ಇವುಗಳಿಂದ ಮಗ ತರಗತಿಯಲ್ಲಿ ತೂಕಡಿಸುವುದಷ್ಟೇ ಲಾಭ. ಕೊಡೀನ್ ಇರುವ ಸಿರಪ್ಪನ್ನಂತೂ ಹದಿನೆಂಟು ತುಂಬದವರಿಗೆ ಕೊಡಲೇಬಾರದು. ಅದು ಉಸಿರಾಟವನ್ನು ಕುಗ್ಗಿಸಬಲ್ಲದು, ಚಟವೂ ಹಿಡಿಯುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಈಥೈಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತದ್ದು ನಿಮಗೆ ನೆನಪಿರಬಹುದು. ಎಲ್ಲ ಸಿರಪ್ಪುಗಳೂ ವಿಷವಲ್ಲ, ನಿಜ. ಆದರೆ ಅನಗತ್ಯವಾದದ್ದನ್ನು ಮೇಲಿಂದ ಮೇಲೆ ಕುಡಿಸುವ ಅಭ್ಯಾಸವಿಲ್ಲದಿದ್ದರೆ ಅಂತಹ ಅಪಾಯದ ಬಾಗಿಲೂ ಅಷ್ಟರ ಮಟ್ಟಿಗೆ ಮುಚ್ಚಿರುತ್ತದೆ. ಆಂಟಿಬಯೋಟಿಕ್‌ಗೂ ಇದೇ ಮಾತು. ವೈರಾಣುವಿನ ಕೆಮ್ಮಿಗೆ ಅದು ಕೆಲಸ ಮಾಡುವುದಿಲ್ಲ. ವಾರಗಟ್ಟಲೆ ಗೊರಗೊರ ಕಫ ಇರುವ ಕೆಮ್ಮು, ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕು, ಅಥವಾ ಒಂದೇ ಉಸಿರಿಗೆ ಸರಣಿಯಾಗಿ ಕೆಮ್ಮಿ ಕೊನೆಗೆ ವಾಂತಿಯಾಗುವ ನಾಯಿಕೆಮ್ಮು ಆಗಿದ್ದರೆ ಮಾತ್ರ ಅದರ ಮಾತು ಬೇರೆ. ಚಿಕ್ಕಂದಿನಲ್ಲಿ ಚುಚ್ಚುಮದ್ದು ಹಾಕಿಸಿದ್ದರೂ ಹದಿಹರೆಯದ ಹೊತ್ತಿಗೆ ನಾಯಿಕೆಮ್ಮಿನ ವಿರುದ್ಧದ ರಕ್ಷಣೆ ಕುಂದಿರುತ್ತದೆ ಎಂಬುದನ್ನೂ ಇಲ್ಲಿ ಸೇರಿಸಿ ಹೇಳುತ್ತೇನೆ.

ಕಪಾಟಿನಲ್ಲಿರುವ ಇನ್‌ಹೇಲರ್ ಬಗ್ಗೆ ನೆಂಟರು ಹೇಳಿದ್ದು ತಪ್ಪು. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಔಷಧವಿರುತ್ತದೆ. ಅದೇ ಔಷಧದ ಇನ್‌ಹೇಲರ್ ಒಂದು ಸಲ ಒತ್ತಿದಾಗ ಬರುವುದು 100 ಮೈಕ್ರೋಗ್ರಾಂ, ಅಂದರೆ ಮಾತ್ರೆಯ ಇಪ್ಪತ್ತನೇ ಅಥವಾ ನಲವತ್ತನೇ ಒಂದು ಪಾಲು. ಹೊಟ್ಟೆಯ ಮೂಲಕ ಮೈಯೆಲ್ಲ ಸುತ್ತಿ ಬರುವ ಬದಲು ಬೇಕಾದ ಜಾಗಕ್ಕೇ ತಲುಪುವುದರಿಂದ ಅಷ್ಟೇ ಸಾಕಾಗುತ್ತದೆ. ಊತ ಇಳಿಸುವ ಸ್ಟೀರಾಯ್ಡ್ ಇನ್‌ಹೇಲರಿನಲ್ಲೂ ಪ್ರಮಾಣ ಮೈಕ್ರೋಗ್ರಾಂಗಳಲ್ಲಿಯೇ ಇರುತ್ತದೆ. ವರ್ಷಗಟ್ಟಲೆ ದಿನವೂ ಬಳಸಿದ ಮಕ್ಕಳ ಎತ್ತರದಲ್ಲಿ ಸುಮಾರು 1 ಸೆಂಟಿಮೀಟರ್ ವ್ಯತ್ಯಾಸ ಕಂಡುಬಂದಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ರಾತ್ರಿಯಿಡೀ ಕೆಮ್ಮಿ ನಿದ್ದೆಗೆಡುವುದು ಮತ್ತು ಹತೋಟಿ ತಪ್ಪಿದ ಅಸ್ತಮಾ ಅದಕ್ಕಿಂತ ದೊಡ್ಡ ನಷ್ಟ. ಚಟ ಹಿಡಿಯುವ ಪ್ರಶ್ನೆಯೇ ಇಲ್ಲ. ಹತೋಟಿಗೆ ಬಂದು ಕೆಲವು ತಿಂಗಳು ಸ್ಥಿರವಾಗಿದ್ದರೆ ವೈದ್ಯರೇ ಪ್ರಮಾಣ ಇಳಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ, ಅಷ್ಟೆ. ಇನ್ನೊಂದು ಸಂಗತಿ: ಹನ್ನೆರಡು ದಾಟಿದವರಿಗೆ ಸಾಲ್ಬುಟಮಾಲ್ ಇನ್‌ಹೇಲರ್ ಒಂದನ್ನೇ ಕೊಟ್ಟು ಕಳುಹಿಸುವುದನ್ನು 2019ರಿಂದ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ ಒಪ್ಪುವುದಿಲ್ಲ, ಊತ ಇಳಿಸುವ ಔಷಧವೂ ಜೊತೆಗಿರಬೇಕು. ನಿಮಗೆ ಬರೆದುಕೊಟ್ಟಿರುವುದು ಯಾವುದು ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.

ಬಳಸುವ ಕ್ರಮ ಸರಿಯಿಲ್ಲದೆ ಔಷಧವೇ ಸರಿಯಿಲ್ಲ ಎಂದುಕೊಳ್ಳುವವರು ಬಹಳ. ಒತ್ತುವ ಮಾದರಿಯದಾದರೆ ಸ್ಪೇಸರ್ ಎಂಬ ಕೊಳವೆಯನ್ನು ತಪ್ಪದೆ ಕೊಂಡುಕೊಳ್ಳಿ. ಚೆನ್ನಾಗಿ ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಯಿಂದ ಕೊಳವೆಯನ್ನು ಬಿಗಿಯಾಗಿ ಹಿಡಿದು, ಒಮ್ಮೆ ಒತ್ತಿ ನಿಧಾನವಾಗಿ ಎಳೆದುಕೊಳ್ಳಬೇಕು. ಹತ್ತು ಎಣಿಸುವವರೆಗೆ ಉಸಿರು ಹಿಡಿದಿಡಬೇಕು. ಎರಡನೆಯ ಸಲಕ್ಕೆ ಅರ್ಧ ನಿಮಿಷವಾದರೂ ಬಿಡಬೇಕು. ಕ್ಯಾಪ್ಸೂಲ್ ಹಾಕುವ ಪುಡಿಯ ಮಾದರಿಯಾದರೆ ಎಳೆಯುವ ರೀತಿ ಇದಕ್ಕೆ ವಿರುದ್ಧ, ವೇಗವಾಗಿ ಮತ್ತು ಜೋರಾಗಿ ಎಳೆಯಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಈ ಪುಡಿ ತೇವ ಹೀರಿ ಮುದ್ದೆಗಟ್ಟುವುದುಂಟು. ಕ್ಯಾಪ್ಸೂಲನ್ನು ಬಳಸುವ ಕ್ಷಣದಲ್ಲಷ್ಟೇ ಹೊರತೆಗೆಯಿರಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಸಾಧನದೊಳಕ್ಕೆ ಉಸಿರು ಊದಬಾರದು, ತೊಳೆದರೆ ಪೂರ್ತಿ ಒಣಗಿದ ಮೇಲೆಯೇ ಬಳಸಬೇಕು. ಸ್ಟೀರಾಯ್ಡ್ ತೆಗೆದುಕೊಂಡ ಕೂಡಲೇ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಲ್ಲಿ ಬಿಳಿ ಶಿಲೀಂಧ್ರ ಕಟ್ಟುವ ಸಾಧ್ಯತೆ ಕಡಿಮೆಯಾಗುತ್ತದೆ.

ಮನೆಯೊಳಗೂ ನೋಡಬೇಕಾದ್ದು ಬಹಳಷ್ಟಿದೆ. ನಿಮ್ಮ ಕಡೆಯ ಬಹುತೇಕ ಮನೆಗಳ ಬಚ್ಚಲಲ್ಲಿ ಹಂಡೆಯ ಒಲೆಗೆ ಮಡಲು, ತೆಂಗಿನ ಸಿಪ್ಪೆ, ಗೆರಟೆ ಹಾಕಿ ನೀರು ಕಾಯಿಸುತ್ತಾರೆ. ಮಳೆಗಾಲದಲ್ಲಿ ಇವು ಹಸಿಯಾಗಿರುವುದರಿಂದ ಉರಿಗಿಂತ ಹೊಗೆಯೇ ಹೆಚ್ಚು, ಬಾಗಿಲು ಕಿಟಕಿ ಮುಚ್ಚಿರುವುದರಿಂದ ಆ ಹೊಗೆ ಒಳಗೇ ಸುತ್ತುತ್ತದೆ. ಒಲೆಗೆ ಬೆಂಕಿ ಹಾಕುವ ಕೆಲಸ ಮಗನದಾಗಿದ್ದರೆ ಸದ್ಯಕ್ಕೆ ಬೇರೆಯವರು ಮಾಡಲಿ. ರಾತ್ರಿ ಹಚ್ಚುವ ಸೊಳ್ಳೆಬತ್ತಿಯ ಬದಲು ಸೊಳ್ಳೆಪರದೆ ಕಟ್ಟಿ. ಹಳೆಯ ಬೂರುಗದ ಹತ್ತಿಯ ದಿಂಬು, ಹಾಸಿಗೆಗಳು ಕಣ್ಣಿಗೆ ಕಾಣದ ಧೂಳಿನ ನುಸಿಗೆ ಒಳ್ಳೆಯ ಮನೆ. ತೇವವಿದ್ದಲ್ಲಿ ಅವು ಹುಲುಸಾಗಿ ಬೆಳೆಯುತ್ತವೆ, ಜುಲೈ ತಿಂಗಳ ಉಡುಪಿಯಲ್ಲಿ ತೇವಕ್ಕೇನೂ ಕೊರತೆಯಿಲ್ಲ. ದಿಂಬಿನ ಹೊದಿಕೆ, ಹಾಸುಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು, ಬಿಸಿಲು ಬಿದ್ದ ದಿನ ಹಾಸಿಗೆಯನ್ನು ಅಂಗಳಕ್ಕೆ ಹಾಕಿ. ಒಣಗದ ಬಟ್ಟೆಯನ್ನು ಮಗ ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಹರವಬೇಡಿ. ಗೋಡೆಯ ಮೂಲೆಯಲ್ಲಿ, ಕಪಾಟಿನ ಹಿಂದೆ ಬೂಷ್ಟು ಹಿಡಿದಿದ್ದರೆ ಮಗ ಶಾಲೆಗೆ ಹೋದಾಗ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬೆಳಗ್ಗೆ ಎದ್ದ ಕೂಡಲೇ ಸಾಲುಸಾಲಾಗಿ ಸೀನು, ಮೂಗುಕಟ್ಟು ಇದ್ದರೆ ವೈದ್ಯರಿಗೆ ಹೇಳಲು ಮರೆಯಬೇಡಿ. ಮೂಗಿನ ಅಲರ್ಜಿಯಿಂದ ಗಂಟಲಿಗಿಳಿಯುವ ಸಿಂಬಳವೂ ಕೆಮ್ಮು ತರಿಸುತ್ತದೆ, ಮೂಗಿಗೆ ಚಿಕಿತ್ಸೆ ಕೊಡದೆ ಎದೆಗೆ ಮಾತ್ರ ಕೊಟ್ಟರೆ ಅರ್ಧ ಕೆಲಸವಷ್ಟೇ ಆಗುತ್ತದೆ.

ಅತ್ತೆಯವರ ಕಷಾಯವನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಒಳ್ಳೆಮೆಣಸು, ಜೀರಿಗೆ, ಕೊತ್ತಂಬರಿ, ಶುಂಠಿ ಹಾಕಿದ ಬಿಸಿ ಕಷಾಯ ಗಂಟಲಿಗೆ ಹಿತ. ಮಲಗುವ ಮುನ್ನ ಒಂದೆರಡು ಚಮಚ ಜೇನು ಕೂಡ ವೈರಾಣುವಿನ ಕೆಮ್ಮನ್ನು ತುಸು ತಗ್ಗಿಸುತ್ತದೆ. ಆದರೆ ಅದು ಇನ್‌ಹೇಲರಿನ ಜಾಗದಲ್ಲಿ ನಿಲ್ಲಲಾರದು. ಆಟಿ ಅಮಾವಾಸ್ಯೆಯಂದು ಕುಡಿಯುವ ಪಾಲೆ ಮರದ ಕಷಾಯ ಒಂದು ದಿನದ ಸಂಪ್ರದಾಯ. ಅದನ್ನು ಕೆಮ್ಮಿನ ಮದ್ದೆಂದು ದಿನವೂ ಕುಡಿಸಬೇಡಿ, ಮರ ಗುರುತಿಲ್ಲದವರು ತಂದ ತೊಗಟೆಯನ್ನಂತೂ ಮುಟ್ಟಬೇಡಿ. ಕುದಿಯುವ ನೀರಿನ ಪಾತ್ರೆಯ ಮೇಲೆ ಚಾದರ ಹೊದ್ದು ಆವಿ ತೆಗೆದುಕೊಳ್ಳುವುದರಲ್ಲಿ ಸುಟ್ಟುಕೊಳ್ಳುವ ಅಪಾಯವೇ ಜಾಸ್ತಿ.

ಯಜಮಾನರ ಅಭಿಪ್ರಾಯಕ್ಕೆ ಉತ್ತರ ಸುಲಭ: ಮನಸ್ಸಿನ ಒತ್ತಡದಿಂದ ಬರುವ ಕೆಮ್ಮು ಗಾಢ ನಿದ್ದೆಯಲ್ಲಿ ಬರುವುದಿಲ್ಲ. ನಿಮ್ಮ ಮಗನದು ನಿದ್ದೆಯಿಂದಲೇ ಎಬ್ಬಿಸುತ್ತಿದೆ. ಅದಕ್ಕಿಂತ ಮುಖ್ಯವಾದ ಬೇರೊಂದು ಪ್ರಶ್ನೆಯನ್ನು ನೀವಿಬ್ಬರೂ ಕೇಳಿಲ್ಲ, ಮಗ ಸಿಗರೇಟು ಅಥವಾ ವೇಪ್ (ಇ-ಸಿಗರೇಟು) ಸೇದುತ್ತಿದ್ದಾನೆಯೇ ಎಂಬುದು. ಇ-ಸಿಗರೇಟಿನ ಮಾರಾಟವನ್ನು 2019ರ ಕಾಯಿದೆ ದೇಶದಾದ್ಯಂತ ನಿಷೇಧಿಸಿದ್ದರೂ ಮಕ್ಕಳ ಕೈಗೆ ಸಿಗುತ್ತಲೇ ಇದೆ. ನಿಮ್ಮ ಮಗನ ಮೇಲೆ ನನಗೆ ಸಂಶಯವಿಲ್ಲ. ಹದಿಹರೆಯದ ಎಲ್ಲ ಕೆಮ್ಮಿನಲ್ಲೂ ಕೇಳಲೇಬೇಕಾದ ಪ್ರಶ್ನೆ ಅದು. ತಂದೆತಾಯಿಯ ಎದುರು ಯಾವ ಹುಡುಗನೂ ನಿಜ ಹೇಳಲಾರ, ಆದ್ದರಿಂದ ವೈದ್ಯರು ಅವನೊಂದಿಗೆ ಐದು ನಿಮಿಷ ಒಬ್ಬನೇ ಮಾತಾಡಬೇಕೆಂದರೆ ಬೇಸರಿಸದೆ ಹೊರಗೆ ಕುಳಿತಿರಿ. ಅವನು ಅಲ್ಲಿ ಹೇಳಿದ್ದನ್ನು ಮನೆಗೆ ಬಂದು ಕೆದಕಬೇಡಿ.

ಕಫದಲ್ಲಿ ರಕ್ತ, ಸಂಜೆಯ ಜ್ವರ, ತೂಕ ಇಳಿಯುವುದು, ಎದೆನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಒಂದು ವಾಕ್ಯ ಮುಗಿಸಲು ಉಸಿರು ಸಾಲದಿದ್ದರೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಸರಿಯುತ್ತಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನಿಗೆ ಕಳೆದ ತಿಂಗಳು ಶ್ವಾಸಕೋಶದ ಟಿಬಿ ಎಂದು ತಿಳಿದು ಚಿಕಿತ್ಸೆ ಶುರುವಾಗಿದೆ. ಈಗ ಪಿಯುಸಿ ಓದುವ ಮಗಳಿಗೆ ಹದಿನೈದು ದಿನಗಳಿಂದ ಕೆಮ್ಮು. ಹುಟ್ಟಿದಾಗಲೇ ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿಸಿದ್ದೇವೆ, ಹೆದರಬೇಕೇ? ವಿಷಯ ಕಾಲೇಜಿಗೆ ಗೊತ್ತಾದರೆ ಎಂಬ ಆತಂಕವೂ ಇದೆ.
– ತಂದೆ, ಸುರತ್ಕಲ್

ಉತ್ತರ: ಬಿಸಿಜಿಯ ಮೇಲೆ ಭರವಸೆ ಇಟ್ಟು ಕುಳಿತುಕೊಳ್ಳಬೇಡಿ. ಅದು ಪುಟ್ಟ ಮಕ್ಕಳನ್ನು ಮಿದುಳಿನ ಕ್ಷಯದಂತಹ ಭೀಕರ ರೂಪಗಳಿಂದ ಕಾಯುತ್ತದೆಯೇ ಹೊರತು ಹದಿನೇಳರ ಹುಡುಗಿಯ ಶ್ವಾಸಕೋಶವನ್ನು ನೆಚ್ಚಿಕೊಳ್ಳುವಷ್ಟು ಕಾಯುವುದಿಲ್ಲ. ಮಗಳಿಗೆ ಎಕ್ಸ್‌ರೇ ಮತ್ತು ಕಫದ ಪರೀಕ್ಷೆ ಈ ವಾರವೇ ಆಗಲಿ. ಅಜ್ಜನ ಚಿಕಿತ್ಸೆ ನಡೆಯುತ್ತಿರುವ ಕೇಂದ್ರಕ್ಕೇ ಕರೆದೊಯ್ಯಿರಿ, ಏಕೆಂದರೆ ಮನೆಯವರೆಲ್ಲರನ್ನೂ ತಪಾಸಣೆ ಮಾಡುವುದು ಅವರ ಕೆಲಸವೇ ಆಗಿದೆ. ಅವರಾಗಿ ಕರೆಯದಿದ್ದರೆ ನೀವೇ ಕೇಳಿ. ರೋಗ ಇಲ್ಲವೆಂದು ಖಚಿತವಾದರೂ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ರೋಗಿಯೊಂದಿಗೆ ಒಂದೇ ಮನೆಯಲ್ಲಿರುವವರಿಗೆ ಮುಂದೆ ಕ್ಷಯ ಬಾರದಂತೆ ತಡೆಗಟ್ಟುವ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಒಂದು ಕ್ರಮದಲ್ಲಿ ಆರು ತಿಂಗಳು ದಿನವೂ, ಇನ್ನೊಂದರಲ್ಲಿ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ.

ರೋಗವಿದೆಯೆಂದೇ ಆದರೂ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆಯಿದೆ, ಪೂರ್ತಿ ಮಾಡಿದರೆ ವಾಸಿಯಾಗುತ್ತದೆ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಯ ಖಾತೆಗೆ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ರೂಪಾಯಿಗೆ ಏರಿಸಲಾಗಿದೆ. ಅಜ್ಜನ ಬ್ಯಾಂಕ್ ಖಾತೆಯ ವಿವರ ಕೊಟ್ಟಿದ್ದೀರಾ ನೋಡಿಕೊಳ್ಳಿ. ತಟ್ಟೆ ಲೋಟ ಬೇರೆ ಮಾಡುವುದರಿಂದ ಪ್ರಯೋಜನವಿಲ್ಲ, ಈ ರೋಗ ಹರಡುವುದು ಗಾಳಿಯಿಂದ. ಅಜ್ಜನ ಕೋಣೆಯ ಕಿಟಕಿ ಮಳೆಯಲ್ಲೂ ತೆರೆದಿರಲಿ, ಅವರು ಮಾಸ್ಕ್ ಧರಿಸಲಿ. ಔಷಧ ಸರಿಯಾಗಿ ಹಿಡಿದರೆ ಕೆಲವೇ ವಾರಗಳಲ್ಲಿ ಅವರಿಂದ ಹರಡುವ ಸಾಧ್ಯತೆ ಬಹಳ ಇಳಿಯುತ್ತದೆ. ಅಜ್ಜನ ಕಾಯಿಲೆಯನ್ನು ಕಾಲೇಜಿಗೆ ತಿಳಿಸಬೇಕಾದ ಅಗತ್ಯವೇನೂ ಇಲ್ಲ. ಫಲಿತಾಂಶ ಬರುವವರೆಗೆ ಮಗಳು ಮನೆಯಲ್ಲಿರಲಿ, ಕೆಮ್ಮಿಗೆ ತಪಾಸಣೆ ನಡೆಯುತ್ತಿದೆ ಎಂದು ರಜೆಚೀಟಿ ಬರೆದರೆ ಸಾಕು.

ಪ್ರಶ್ನೆ: ಹದಿಮೂರರ ಮಗಳು ಎರಡು ತಿಂಗಳಿಂದ ಹಗಲಿಡೀ ಬೊಗಳಿದಂತೆ ಜೋರಾಗಿ ಕೆಮ್ಮುತ್ತಾಳೆ. ಮಲಗಿದರೆ ಬೆಳಗಿನವರೆಗೆ ಒಂದು ಸಲವೂ ಇಲ್ಲ. ಎಕ್ಸ್‌ರೇ, ಸ್ಪೈರೋಮೆಟ್ರಿ, ಕಫ, ರಕ್ತ ಎಲ್ಲವೂ ಸರಿಯಿದೆ. ತರಗತಿಯಿಂದ ಹೊರಗೆ ಕಳುಹಿಸುತ್ತಿದ್ದಾರೆ. ನಾಟಕ ಮಾಡುತ್ತಿದ್ದಾಳೆಯೇ?
– ತಾಯಿ, ಮಂಗಳೂರು

ಉತ್ತರ: ನಾಟಕವಲ್ಲ. ಮೊದಲ ಪತ್ರದ ಹುಡುಗನಿಗೆ ಪೂರ್ತಿ ವಿರುದ್ಧವಾದ ಚಿತ್ರ ಇದು. ಶೀತವೊಂದರಿಂದ ಶುರುವಾದ ಕೆಮ್ಮು, ಶೀತ ಹೋದ ಮೇಲೂ ಗಂಟಲಿನ ಒಂದು ಅಭ್ಯಾಸವಾಗಿ ಉಳಿದುಬಿಡುವುದುಂಟು. ಮಗು ಬೇಕೆಂದು ಕೆಮ್ಮುವುದಿಲ್ಲ, ತಡೆಯಲು ಹೋದರೆ ಗಂಟಲಲ್ಲಿ ತಾಳಲಾರದ ಕೆರೆತವಾಗುತ್ತದೆ. ಹೊಸ ಔಷಧ, ಹೊಸ ಸ್ಕ್ಯಾನ್, ಬೈಗುಳ, ಈ ಮೂರೂ ಅದನ್ನು ಗಟ್ಟಿ ಮಾಡುತ್ತವೆ. ಇದರ ಪರಿಚಯವಿರುವ ಮಕ್ಕಳ ಶ್ವಾಸಕೋಶ ತಜ್ಞರನ್ನೋ, ಮಾತಿನ ಚಿಕಿತ್ಸಕರನ್ನೋ ಕಾಣಿರಿ. ಕೆರೆತ ಬಂದಾಗ ಕೆಮ್ಮುವ ಬದಲು ಒಂದು ಗುಟುಕು ಬೆಚ್ಚನೆಯ ನೀರು ಕುಡಿದು ಒಂದು ನಿಮಿಷ ತಡೆಯುವುದು, ಆಮೇಲೆ ಎರಡು ನಿಮಿಷ, ಹೀಗೆ ಹೊತ್ತನ್ನು ಹಿಗ್ಗಿಸುತ್ತ, ನಿನ್ನಿಂದ ಆಗುತ್ತದೆ ಎಂದು ದೃಢವಾಗಿ ಹೇಳುತ್ತ ಹೋಗುವುದೇ ಚಿಕಿತ್ಸೆಯ ತಿರುಳು. ಅರ್ಧ ಗಂಟೆಯ ಒಂದೇ ಭೇಟಿಯಲ್ಲಿ ನಿಂತುಹೋದ ಮಕ್ಕಳೂ ಇದ್ದಾರೆ. ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು ಮುಂತಾದ ಚಲನೆಗಳೂ ಜೊತೆಗಿದ್ದರೆ ನರರೋಗ ತಜ್ಞರಿಗೆ ತೋರಿಸಬೇಕು. ಶಾಲೆಯಲ್ಲಿ ತರಗತಿಯ ಶಿಕ್ಷಕಿಯನ್ನು ಕಂಡು, ಈ ಕೆಮ್ಮು ಅಂಟುವಂಥದ್ದಲ್ಲವೆಂಬ ವೈದ್ಯರ ಚೀಟಿ ಕೊಟ್ಟು, ನೀರಿನ ಬಾಟಲಿಯನ್ನು ಡೆಸ್ಕಿನ ಮೇಲಿಟ್ಟುಕೊಳ್ಳಲು ಬಿಡಿ, ಕೆಮ್ಮಿದಾಗ ತಿರುಗಿ ನೋಡಬೇಡಿ, ಹೊರಗೆ ಕಳುಹಿಸಬೇಡಿ ಎಂದು ಕೇಳಿಕೊಳ್ಳಿ.